ಸಂಜೆ ಏಳಕ್ಕೆ ಕರೆಂಟ್ ಯಾರು ಕೊಡ್ತಾರೆ?

ನಾನು ಗ್ರಿಡ್ ಕಂಟ್ರೋಲ್ ರೂಮ್‌ನಲ್ಲಿ ಕೆಲಸ ಮಾಡುತ್ತೇನೆ. ಯಾವ ಸ್ಥಾವರ ಯಾವಾಗ ಎಷ್ಟು ಕರೆಂಟ್ ಕೊಡಬೇಕು ಅಂತ ಹೇಳುವುದು ನಮ್ಮ ಕೆಲಸ. ಸೋಲಾರ್, ಗಾಳಿ ವಿದ್ಯುತ್ ಅಂದ ಕೂಡಲೇ ಜನ ಕೇಳುವುದು ಒಟ್ಟು ಎಷ್ಟು ಮೆಗಾವ್ಯಾಟ್ ಹಾಕಿದ್ದಾರೆ ಅಂತ. ಈ ಕುರ್ಚಿಯಲ್ಲಿ ಕೂತ ಮೇಲೆ ನಾನು ಮೊದಲು ನೋಡುವುದು ಸಂಜೆ ಏಳು ಗಂಟೆಯನ್ನು.

ಬಿಸಿಲಿರುವ ಮಧ್ಯಾಹ್ನ ಪರದೆ ನೋಡುವುದೇ ಖುಷಿ. ಬೇಡಿಕೆಯ ದೊಡ್ಡ ಪಾಲು ಸೋಲಾರ್ ಹೊತ್ತಿರುತ್ತದೆ. ನಾಲ್ಕರ ಮೇಲೆ ಪರದೆಯಲ್ಲಿ ಸೋಲಾರ್ ಉತ್ಪಾದನೆಯ ಗೆರೆ ಜಾರತೊಡಗುತ್ತದೆ, ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ ಹತ್ತಿ ಬೇಡಿಕೆ ಏರುತ್ತದೆ, ನಡುವಿನ ಅಂತರವನ್ನು ಎರಡು ಮೂರು ಗಂಟೆಯೊಳಗೆ ಬೇರೆ ಯಾರಾದರೂ ತುಂಬಲೇಬೇಕು. ಕಲ್ಲಿದ್ದಲು ಘಟಕವನ್ನು ಪೂರ್ತಿ ನಿಲ್ಲಿಸಿದರೆ ಬಾಯ್ಲರ್ ಕಾದು ಮತ್ತೆ ಗ್ರಿಡ್‌ಗೆ ಸೇರಲು ಗಂಟೆಗಟ್ಟಲೆ ಬೇಕು. ಹಾಗಾಗಿ ಸಂಜೆಗೆ ಬೇಕು ಅಂತಲೇ ಮಧ್ಯಾಹ್ನವೂ ಅದನ್ನು ಕಡಿಮೆ ಲೋಡ್‌ನಲ್ಲಿ ಉರಿಸುತ್ತಿರಬೇಕಾಗುತ್ತದೆ. ಕೆಲವೊಮ್ಮೆ ಅದಕ್ಕೆ ಜಾಗ ಮಾಡಿಕೊಡಲು ಸೋಲಾರ್‌ನವರಿಗೇ ಉತ್ಪಾದನೆ ಇಳಿಸಿ ಅಂತ ಫೋನ್ ಮಾಡಬೇಕು. ಸುಮ್ನೆ ಸಿಗುವ ಬಿಸಿಲನ್ನು ಬಿಟ್ಟು ಕಲ್ಲಿದ್ದಲು ಸುಡುವುದು ನನಗೆ ನಿಜಕ್ಕೂ ಸಂಕಟ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿಯ ಲೆಕ್ಕದಲ್ಲಿ ಗಣಿಯಿಂದ ಹಿಡಿದು ಎಲ್ಲ ಸೇರಿಸಿದರೆ ಒಂದು ಯೂನಿಟ್ ಕಲ್ಲಿದ್ದಲು ವಿದ್ಯುತ್ತಿಗೆ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ. ದೊಡ್ಡ ಸೋಲಾರ್ ಸ್ಥಾವರದ್ದು 48, ಪರಮಾಣು 12, ಗಾಳಿ 11.

ಸಂಜೆ ನಮ್ಮ ಕೈ ಹಿಡಿಯುವುದು ನೀರು. ಗೇಟ್ ತೆರೆದರೆ ಕೆಲವೇ ನಿಮಿಷದಲ್ಲಿ ಟರ್ಬೈನ್ ಲೋಡ್ ತಗೊಳ್ಳುತ್ತದೆ. ಪಂಪ್ಡ್ ಸ್ಟೋರೇಜ್ ಇದ್ದರಂತೂ ಇನ್ನೂ ಅನುಕೂಲ: ಕರೆಂಟ್ ಜಾಸ್ತಿ ಇರುವಾಗ ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವುದು. ವೇಲ್ಸ್‌ನ ಡಿನೋರ್ವಿಗ್ ಸ್ಥಾವರ 1984ರಿಂದ ಇದನ್ನು ಮಾಡುತ್ತಿದೆ. ನೀರಿನ ಬದಲು ಬ್ಯಾಟರಿಯಲ್ಲೂ ಕರೆಂಟ್ ತುಂಬಿಡಬಹುದು, ದಕ್ಷಿಣ ಆಸ್ಟ್ರೇಲಿಯಾದಲ್ಲಿ 2017ರಲ್ಲಿ 100 ಮೆಗಾವ್ಯಾಟ್‌ನ ಹಾರ್ನ್ಸ್‌ಡೇಲ್ ಬ್ಯಾಟರಿ ಹಾಕಿದರು. ನಾರ್ವೆಯ ವಿದ್ಯುತ್ತಿನ ಬಹುಪಾಲು ಜಲವಿದ್ಯುತ್ತೇ, ಅವರಿಗೆ ಈ ತಲೆಬಿಸಿ ಕಡಿಮೆ. ಎಲ್ಲ ದೇಶಕ್ಕೂ ಅಂಥ ಬೆಟ್ಟ, ನದಿ ಇರುವುದಿಲ್ಲ ಅಲ್ವಾ?

ಇನ್ನೊಂದು ವಿಷಯ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಪರದೆಯ ಮೇಲೆ ದೊಡ್ಡದಾಗಿ ಇರುವ ಅಂಕಿ ಫ್ರೀಕ್ವೆನ್ಸಿ, ಅಂದರೆ ಗ್ರಿಡ್‌ನ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಸುತ್ತುತ್ತದೆ ಅನ್ನುವುದು; ಅದು 50 ಹರ್ಟ್ಸ್ ಇರಬೇಕು. ಬೇಡಿಕೆಗಿಂತ ಉತ್ಪಾದನೆ ಕಡಿಮೆಯಾದರೆ ಅದು ಇಳಿಯುತ್ತದೆ. ಹಳೆಯ ಸ್ಥಾವರಗಳ ಭಾರಿ ರೋಟರ್‌ಗಳು, ಅಂದರೆ ಜನರೇಟರ್‌ನ ಸುತ್ತುವ ಭಾಗಗಳು, ತಿರುಗುವ ರಭಸದಿಂದಲೇ ಈ ಕುಸಿತವನ್ನು ನಿಧಾನಗೊಳಿಸುತ್ತವೆ. ಸೋಲಾರ್ ಬರುವುದು ಡಿಸಿ ಕರೆಂಟನ್ನು ಎಸಿಗೆ ಬದಲಿಸುವ ಇನ್ವರ್ಟರ್ ಮೂಲಕ, ಅಲ್ಲಿ ತಿರುಗುವುದು ಏನೂ ಇಲ್ಲ. ಬ್ರಿಟನ್‌ನಲ್ಲಿ 2019ರ ಆಗಸ್ಟ್ 9ರಂದು ಸಿಡಿಲಿನ ಬೆನ್ನಿಗೆ ಒಂದು ಗ್ಯಾಸ್ ಸ್ಥಾವರ, ಒಂದು ಸಮುದ್ರದ ಗಾಳಿ ಸ್ಥಾವರ ಎರಡೂ ಕೈಕೊಟ್ಟವು. ಫ್ರೀಕ್ವೆನ್ಸಿ 48.8ಕ್ಕೆ ಇಳಿದು ಹತ್ತು ಲಕ್ಷಕ್ಕೂ ಜಾಸ್ತಿ ಗ್ರಾಹಕರಿಗೆ ಕರೆಂಟ್ ಹೋಯಿತು. ಹಾಗಂತ ಬ್ರಿಟನ್ ಹಿಂದೆ ಸರಿಯಲಿಲ್ಲ, 2024ರ ಸೆಪ್ಟೆಂಬರ್ 30ಕ್ಕೆ ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನೂ ಮುಚ್ಚಿತು. ರೋಟರ್ ಮಾಡುತ್ತಿದ್ದ ಕೆಲಸಕ್ಕೆ ಈಗ ಇಂಧನ ಸುಡದೆ ಗ್ರಿಡ್‌ನ ಕರೆಂಟ್‌ನಿಂದಲೇ ತಿರುಗುವ ಭಾರಿ ಯಂತ್ರಗಳಾದ ಸಿಂಕ್ರೊನಸ್ ಕಂಡೆನ್ಸರ್‌ಗಳಿವೆ, ಕ್ಷಣದಲ್ಲಿ ಸ್ಪಂದಿಸುವ ಬ್ಯಾಟರಿಗಳಿವೆ.

ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕೊಡುವುದು ಒಂದೇ ಗ್ರಾಫ್: ದಿನದ ಬೇಡಿಕೆಯಿಂದ ಸೋಲಾರ್, ಗಾಳಿ ಎರಡನ್ನೂ ಕಳೆದರೆ ಉಳಿಯುವ ಗೆರೆ. ಎಲ್ಲೋ ಹೊಸ ಸೋಲಾರ್ ಪಾರ್ಕ್ ಅಂತ ಸುದ್ದಿ ಬಂದರೆ ಅದನ್ನು ಈ ಗೆರೆಯ ಮೇಲಿಟ್ಟು ನೋಡಿ ಅನ್ನುತ್ತೇನೆ. ಅಲ್ಲಿಂದ ಕರೆಂಟ್ ತರುವ ಲೈನ್ ಕೆಲಸ ಯಾವಾಗ ಮುಗಿಯುತ್ತದೆ, ಜೊತೆಗೆ ಸ್ಟೋರೇಜ್ ಎಷ್ಟು ಗಂಟೆಯದ್ದು, ನೀರೆತ್ತುವ ಪಂಪು ಮತ್ತು ಗಾಡಿ ಚಾರ್ಜಿಂಗ್ ಎಷ್ಟನ್ನು ಮಧ್ಯಾಹ್ನಕ್ಕೆ ತರಬಹುದು, ಇಷ್ಟನ್ನು ವಿಚಾರಿಸಿಕೊಂಡು ಬನ್ನಿ, ಆಮೇಲೆ ಮೆಗಾವ್ಯಾಟ್ ಮಾತಾಡೋಣ.