ಕಾಲು ಊದಿದ ಯಾಕ್

ನಮ್ಮ ಸೆರಾಮಿಕ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಕಾಲೇಜಿನಲ್ಲಿ ಓದಿದ ಥಿಯರಿ ನನಗೆ ಒಂದೂ ನೆನಪಿಲ್ಲ. ಅವರ ಜೊತೆ ಟಿಬೆಟನ್ನರು ನೆಲೆಸಿರುವ ಬೈಲಕುಪ್ಪೆಗೆ ಹೋಗಿದ್ದು ಮಾತ್ರ ಎಲ್ಲಾ ನೆನಪಿದೆ.

1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಚಳಿನಾಡಿನ ಜನ ಇಲ್ಲಿಯ ಬಿಸಿಲಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು.

"ಅವರ ಕಥೆ ನಾವು ಮಾಡೋದು ಬೇಡ, ಮಣ್ಣು ಕೊಡೋಣ" ಅಂದರು ಮೇಷ್ಟ್ರು. ಊರಲ್ಲಿ ಬಿಟ್ಟು ಬಂದ ಒಂದನ್ನು ಹಿರಿಯರು ಅಂಗೈಯಗಲದ ಬಿಲ್ಲೆಯ ಮೇಲೆ ಮಾಡಬೇಕು. ಮಣ್ಣು ನಾದುವುದು, ಸುಡುವುದು, ಜೋಡಿಸುವುದು ನಮ್ಮ ಪಾಲು. ಅಚ್ಚಿನಲ್ಲಿ ಮಣ್ಣೊತ್ತಿ ಪುಟ್ಟ ಬುದ್ಧ, ಸ್ತೂಪ ಮಾಡುವ ತ್ಸಾತ್ಸಾ ಅವರಲ್ಲಿ ಹಳೆಯ ಪದ್ಧತಿ. ಹಾಗಾಗಿ ಮಣ್ಣು ಅವರಿಗೆ ಹೊಸದಲ್ಲ.

ಒಬ್ಬ ಅಜ್ಜಿ ಯಾಕ್, ಅಂದರೆ ಟಿಬೆಟ್ಟಿನ ಜೂಲುಕೂದಲಿನ ದನ, ಮಾಡಿದರು. ಒಂದು ಹಿಂಗಾಲು ವಿಪರೀತ ದಪ್ಪ. ಗೆಳೆಯನೊಬ್ಬ ಕೆತ್ತಿ ಸರಿಮಾಡಲು ಹೋದ. ಮೇಷ್ಟ್ರು ಅವನ ಕೈ ಹಿಡಿದರು. ಮೊಮ್ಮಗ ಅಜ್ಜಿಯ ಮಾತನ್ನು ಕನ್ನಡದಲ್ಲಿ ಹೇಳಿದ: "ಬೆಟ್ಟ ಹತ್ತುವಾಗ ಅದರ ಕಾಲು ಊದಿಕೊಂಡಿತ್ತು. ಅಲ್ಲೇ ಬಿಟ್ಟು ಬಂದರಂತೆ."

ದಪ್ಪ ಮಣ್ಣಲ್ಲಿ ತೇವ ಉಳಿದರೆ ಭಟ್ಟಿಯಲ್ಲಿ ಅದು ಆವಿಯಾಗಿ ಬಿಲ್ಲೆ ಸಿಡಿಯುತ್ತದೆ. ಮೇಷ್ಟ್ರು ಬಿಲ್ಲೆ ಮಗುಚಿ, ಆ ಕಾಲಿನ ಹಿಂಬದಿಯನ್ನು ಮಾತ್ರ ತಂತಿಯಿಂದ ಟೊಳ್ಳು ಮಾಡಿ, ನೆರಳಲ್ಲಿ ದಿನಗಟ್ಟಲೆ ಒಣಗಿಸಿದರು. ಮುಂದಿನಿಂದ ಅಜ್ಜಿಯ ಬೆರಳಿನ ಗುರುತು ಒಂದೂ ಅಳಿಯಲಿಲ್ಲ.

ಭಟ್ಟಿ ಹಾಕಿದ ರಾತ್ರಿ ನಾವು ಕದ್ದುಮುಚ್ಚಿ ಬೈಲಕುಪ್ಪೆಯ ಜೋಳದ ತೆನೆಗಳನ್ನು ಕೆಂಡಕ್ಕೆ ಹಾಕಿದೆವು. ಮಲಗಿದ್ದಾರೆ ಅಂದುಕೊಂಡ ಮೇಷ್ಟ್ರು ಕತ್ತಲಿಂದಲೇ ಕೂಗಿದರು: "ಉಪ್ಪು ಖಾರ ತಂದಿದ್ದೀರೇನ್ರೋ?" ಬೆಳಗಿನವರೆಗೂ ನಮ್ಮ ಜೊತೆಗೇ ಕೂತು ತಿಂದರು. ಭಟ್ಟಿ ತೆರೆದಾಗ ಯಾಕ್ ಗಟ್ಟಿಯಾಗಿ ನಿಂತಿತ್ತು.

ಈಗ ಹದ ಮಾಡಿದ ಮಣ್ಣು ಪ್ಯಾಕೆಟ್ಟಿನಲ್ಲೇ ಬರುತ್ತದೆ. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಆದರೆ ಮಕ್ಕಳಿಗೆ ಮಾರ್ಕ್ಸಿನ ಅವಸರ ಜಾಸ್ತಿ. ಒಂದು ಬಿಲ್ಲೆ ಒಣಗುವವರೆಗೂ ಕಾಯಲು ಯಾರೂ ಬಿಡುವುದಿಲ್ಲ. ನನ್ನ ಸ್ಟುಡಿಯೋದಲ್ಲಿ ಕಲಿಯುವವರಿಗೆ ಬೇರೆಯವರ ಕೆಲಸ ತಿದ್ದಲು ನಾನು ಬಿಡುವುದಿಲ್ಲ. ನನ್ನ ಕೆಲಸ ಇವತ್ತು ದೊಡ್ಡ ಗ್ಯಾಲರಿಗಳಲ್ಲಿದೆ. ಅದಕ್ಕೆ ಕಾರಣ ಮೇಷ್ಟ್ರೇ.

ಆ ಬಿಲ್ಲೆಗಳು ಈಗಲೂ ನಮ್ಮ ಕಾಲೇಜಿನ ಸ್ಟೋರ್ ರೂಮಿನಲ್ಲಿವೆ. ಕಾಲೇಜಿನವರು ದಯವಿಟ್ಟು ಹೊರಗೆ ತೆಗೆಸಿ, ಜೋಡಿಸಲು ಒಂದು ಗೋಡೆ ಕೊಡಿ. ಸಿಮೆಂಟು, ಗಾರೆಯವರ ಖರ್ಚು ನಮ್ಮ ಬ್ಯಾಚಿನದು. ಜೋಡಿಸಲು ನಾವೇ ಬರುತ್ತೇವೆ. ಬೈಲಕುಪ್ಪೆಯವರನ್ನೂ ಕರೆಯೋಣ.