ಹದಿನೈದು ಅಂತ ಸುಳ್ಳು ಹೇಳಿದವನು

ಇವತ್ತು ಸೆಪ್ಟೆಂಬರ್ 3. ಬ್ರಿಟನ್ನಿನಲ್ಲಿ ಮರ್ಚೆಂಟ್ ನೇವಿ ದಿನ, ಅಂದರೆ ಸರಕು ಮತ್ತು ಪ್ರಯಾಣಿಕರ ಹಡಗುಗಳ ನಾವಿಕರನ್ನು ನೆನೆಯುವ ದಿನ. 1939ರಲ್ಲಿ ಇದೇ ದಿನ, ಎರಡನೇ ಮಹಾಯುದ್ಧಕ್ಕೆ ಬ್ರಿಟನ್ ಇಳಿದ ಕೆಲವೇ ಗಂಟೆಗಳಲ್ಲಿ ಅಥೇನಿಯಾ ಎಂಬ ಪ್ರಯಾಣಿಕರ ಹಡಗಿಗೆ ಜರ್ಮನ್ ಸಬ್‌ಮರೀನ್ ಟಾರ್ಪೆಡೊ ಹೊಡೆದಿತ್ತು.

ಆದರೆ ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಕೂತಿರುವವನು ರೆಜಿನಾಲ್ಡ್ ಅರ್ನ್‌ಶಾ. ವಯಸ್ಸು 14. ಹದಿನೈದು ಅಂತ ಸುಳ್ಳು ಹೇಳಿ ನಾರ್ತ್ ಡೆವನ್ ಎಂಬ ಹಡಗಿಗೆ ಕ್ಯಾಬಿನ್ ಬಾಯ್ ಆಗಿ ಸೇರಿದ್ದ. 1941ರ ಜುಲೈ 6ರಂದು ಜರ್ಮನ್ ವಿಮಾನಗಳ ದಾಳಿ. ಬಿಸಿ ಹಬೆಗೆ ಬೆಂದು ಸತ್ತ. ಎಡಿನ್‌ಬರೋದಲ್ಲಿ ಅವನ ಸಮಾಧಿಗೆ ಹತ್ತಾರು ವರ್ಷ ಒಂದು ಕಲ್ಲೂ ಇರಲಿಲ್ಲ. ಅವತ್ತು ಅವನನ್ನು ಉಳಿಸಲು ಹೋಗಿದ್ದ ಜೊತೆಗಾರನೊಬ್ಬ ಆ ಸಮಾಧಿಯನ್ನು ಮುಪ್ಪಿನಲ್ಲೂ ಬಿಡದೆ ಹುಡುಕಿದ.

ಸಮಾಧಿಯಾದರೂ ಇದೆ, ಅಲ್ವಾ? ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಆ ಯುದ್ಧದಲ್ಲಿ ಸತ್ತ ಇಂಥ ನಾವಿಕರ ಸುಮಾರು 24,000 ಹೆಸರುಗಳಿವೆ. ಅವರಿಗೆಲ್ಲ ಸಮುದ್ರವೇ ಗೋರಿ. ಇನ್ನೊಂದು ವಿಷಯ ಕೇಳಿದರೆ ಹೊಟ್ಟೆ ಉರಿಯುತ್ತದೆ: 1941ರವರೆಗೂ ಹಡಗು ಮುಳುಗಿದ ದಿನದಿಂದಲೇ ಎಷ್ಟೋ ನಾವಿಕರ ಸಂಬಳ ನಿಲ್ಲುತ್ತಿತ್ತಂತೆ. ಲೈಫ್‌ಬೋಟಿನಲ್ಲಿ ಒದ್ದಾಡಿದ ದಿನಗಳಿಗೆ ಲೆಕ್ಕವೇ ಇಲ್ಲ!

ನಮ್ಮವರೂ ಇದ್ದರು. ಬ್ರಿಟಿಷ್ ಹಡಗುಗಳ ಬಾಯ್ಲರ್‌ಗೆ ಕಲ್ಲಿದ್ದಲು ಎತ್ತಿಹಾಕುತ್ತಿದ್ದ ಲಸ್ಕರುಗಳು, ಅಂದರೆ ಭಾರತದ ನಾವಿಕರು. ಕೆಲಸ ಜಾಸ್ತಿ, ಸಂಬಳ ಬಿಳಿಯರಿಗಿಂತ ಎಷ್ಟೋ ಕಡಿಮೆ. ಸತ್ತ ಅವಿಭಜಿತ ಭಾರತದ ನಾವಿಕರ 6,000ಕ್ಕೂ ಹೆಚ್ಚು ಹೆಸರುಗಳು ಮುಂಬೈ ಮತ್ತು ಚಿತ್ತಗಾಂಗ್‌ನಲ್ಲಿ ಇಟ್ಟಿರುವ ಪುಸ್ತಕದಲ್ಲಿವೆ.

ನನ್ನ ಮಗನಿಗೂ ಈಗ ಹದಿನಾಲ್ಕು. ಊಟದ ಹೊತ್ತಿಗೆ ಸುಮ್ನೆ ಅವನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಅನ್ನ ಕಲಸುತ್ತಾ ಕೂತಿದ್ದು ಕೇಳಿದ, “ಅವನ ಅಮ್ಮ ಹೋಗ್ಬೇಡ ಅನ್ಲಿಲ್ವಾ?”