ಇಷ್ಟು ಖಾರ ತಿಂದ್ರೆ ಹೊಟ್ಟೆ ಗತಿ ಏನು?

ಮನೆಗೆ ಊಟಕ್ಕೆ ಬಂದವರು ಕೋಳಿ ಸಾರಿನ ಬಣ್ಣ ನೋಡಿಯೇ ಕೇಳುತ್ತಾರೆ: "ದಿನಾ ಇಷ್ಟು ಖಾರ ತಿಂದ್ರೆ ಅಲ್ಸರ್ ಆಗಲ್ವಾ?"

ಆಗಲ್ಲ. ಅಲ್ಸರ್ ಬರುವುದು ಹೆಚ್ಚಾಗಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾದಿಂದ, ಇಲ್ಲಾಂದ್ರೆ ಪದೇ ಪದೇ ನುಂಗುವ ನೋವಿನ ಮಾತ್ರೆಗಳಿಂದ. ಆ ಬ್ಯಾಕ್ಟೀರಿಯಾ ಪತ್ತೆ ಮಾಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಾರ್ಷಲ್ ಅಂತೂ ಅದನ್ನು ತಾನೇ ಕುಡಿದು ನೋಡಿದ ಪುಣ್ಯಾತ್ಮ. ಆದರೂ ಬೈಗುಳ ಮಾತ್ರ ಇನ್ನೂ ಮೆಣಸಿನಕಾಯಿಗೇ. ಹಾಂ, ಈಗಾಗಲೇ ಅಲ್ಸರ್ ಇರುವವರಿಗೆ, ಎದೆಯುರಿ ಬರುವವರಿಗೆ ಖಾರ ತಿಂದರೆ ಉರಿ ಜಾಸ್ತಿಯಾಗಬಹುದು. ಅಂಥವರು ಬಲವಂತ ಮಾಡಿಕೊಳ್ಳಬೇಡಿ.

ಇನ್ನು, ಬಣ್ಣ ನೋಡಿ ಖಾರ ಅಳೆಯಬೇಡಿ. ನಾಲ್ಕು ಜನರ ಸಾರಿಗೆ ನಾನು ಎಂಟು ಬ್ಯಾಡಗಿ ಹಾಕಿದರೆ ಗುಂಟೂರು ಎರಡೇ. ಬ್ಯಾಡಗಿ ಕೊಡುವುದು ಬಣ್ಣ ಮತ್ತು ಘಮ, ಖಾರದ ಕೆಲಸ ಗುಂಟೂರಿನದು, ಜೊತೆಗೆ ಹುರಿದ ಧನಿಯಾ, ಒಂದಿಷ್ಟು ಕಾಳುಮೆಣಸು, ಚಕ್ಕೆ, ಲವಂಗ, ಕಾಯಿತುರಿ, ಅಷ್ಟೇ. ಬಾಯಿ ಉರಿದರೆ ನೀರು ಕುಡಿದು ಪ್ರಯೋಜನವಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನೋ ಅಂಶ ನೀರಲ್ಲಿ ಸರಿಯಾಗಿ ಕರಗಲ್ಲ. ಮೊಸರು ತಗೊಳ್ಳಿ.

"ಅರಿಶಿನ, ಮೆಣಸು ಎಲ್ಲಾ ಔಷಧಿ ಅಲ್ವಾ?" ಅಂತಲೂ ಕೇಳುತ್ತಾರೆ. ಇಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಔಷಧಿ ಗುಣ ಇದೆ ಅಂತ ಹೇಳುವ ಅರಿಶಿನದ ಅಂಶ ಕರ್ಕ್ಯುಮಿನ್ 2 ಗ್ರಾಂ ಕೊಟ್ಟಾಗ ಅದು ರಕ್ತಕ್ಕೆ ಸೇರಿದ್ದೇ ಅಲ್ಪಸ್ವಲ್ಪ, ಅದರ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ 20 ಪಟ್ಟು ಹೆಚ್ಚು ಸೇರಿತು. ಕೇಳೋಕೆ ಚೆನ್ನಾಗಿದೆ. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3 ಮಾತ್ರ. 2 ಗ್ರಾಂ ಬೇಕಂದ್ರೆ 60 ಗ್ರಾಂಗಿಂತ ಜಾಸ್ತಿ ಅರಿಶಿನ ಸುರಿಯಬೇಕು. ಅಂಥ ಸಾರು ಯಾರು ತಿಂತಾರೆ?

ಹಾಗಾಗಿ ಔಷಧಿ ಅಂತ ನಾನು ಖಾರ ತಿನ್ನಲ್ಲ, ರುಚಿಗೆ ತಿಂತೀನಿ. ಮನೆ ಸಾರಿನ ನಿಜವಾದ ಲಾಭ ಅಂದ್ರೆ ಉಪ್ಪು, ಎಣ್ಣೆ ಎರಡೂ ನಮ್ಮ ಕೈಯಲ್ಲಿರುತ್ತವೆ. ಹೋಟೆಲ್ ಕರಿ ಮೇಲೆ ಬೆರಳುದ್ದ ತೇಲುವ ಕೆಂಪು ಎಣ್ಣೆಗೆ ಹೆದರಬೇಕೇ ಹೊರತು ಮೆಣಸಿನಕಾಯಿಗಲ್ಲ.

ಮಕ್ಕಳಿದ್ದರೆ ಗುಂಟೂರು ಮೆಣಸಿನಕಾಯಿ ಸೀಳಿ ಒಳಗಿನ ಬಿಳಿ ನಾರು ತೆಗೆದುಬಿಡಿ. ಜಾಸ್ತಿ ಖಾರ ಇರುವುದು ಅಲ್ಲೇ. ಆಮೇಲೆ ಕೈಗೆ ಎಣ್ಣೆ ಸವರಿ ಸೋಪು ಹಾಕಿ ತೊಳೆಯಿರಿ, ಕಣ್ಣು ಮಾತ್ರ ಉಜ್ಜಬೇಡಿ.